ನಮ್ಮೂರ ಲಾಂಛನದ ದೋಣಿ

ನಮ್ಮೂರಿಗೊಂದು ಲಾಂಛನ ಮಾಡಿಕೊಟ್ಟವನು ನಾನು. ಅದರ ಹೆಸರಿನಲ್ಲಿ ಒಬ್ಬ ಮನುಷ್ಯನ ನಾಲ್ಕು ಬೆರಳು ಮುರಿದವನೂ ನಾನೇ. ಮೊದಲನೆಯದು ದುಬೈಯಲ್ಲಿರುವ ಊರವರಿಗೆಲ್ಲ ಗೊತ್ತು. ಕೂಟದಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ಹೊಡೆಸಿಕೊಂಡಿದ್ದಾರೆ. ಎರಡನೆಯದು ನನಗೆ, ಆ ಮನುಷ್ಯನಿಗೆ, ಮತ್ತೆ ದೇವರಿಗೆ ಮಾತ್ರ ಗೊತ್ತು. ಪೊಲೀಸರ ಕಾಗದದಲ್ಲಿ ಬೇರೆಯೇ ಬರೆದಿದೆ.

ನನಗೆ ಸಿಟ್ಟು ಬೇಗ. ಮೂಗಿನ ಆಕಾರ ಬಂದ ಹಾಗೆ ಇದೂ ಅಪ್ಪನಿಂದಲೇ ಬಂದದ್ದು. ಅಪ್ಪ ನಮ್ಮೂರ ಕಡವಿನಲ್ಲಿ ದೋಣಿ ನಡೆಸುತ್ತಿದ್ದರು. ಸೇತುವೆ ಆಗುವ ಮೊದಲು ಶಾಲೆಗೆ, ಸಂತೆಗೆ, ಇಗರ್ಜಿಗೆ, ಮಸೀದಿಗೆ, ಹೆರಿಗೆಗೆ, ಎಲ್ಲದಕ್ಕೂ ಅಪ್ಪನ ದೋಣಿಯೇ ಗತಿ. ನೀರು ತಳ್ಳುವ ಹುಟ್ಟು ಅವರ ಕೈಯಲ್ಲಿ ಸದಾ ಇರುತ್ತಿತ್ತು. ದೋಣಿಯಲ್ಲಿ ಯಾರಾದರೂ ಎದ್ದು ನಿಂತರೆ ಅದರಲ್ಲೇ ಕಾಲಿಗೊಂದು ಬೀಳುತ್ತಿತ್ತು. ನಾನು ಶಾಲೆ ತಪ್ಪಿಸಿದರೆ ಬೆನ್ನಿಗೊಂದು. ಮರದ ಹಿಡಿಯ ಪೆಟ್ಟು ಹೇಗಿರುತ್ತದೆ ಎಂದು ನನ್ನ ಬೆನ್ನಿಗೆ ಇವತ್ತಿಗೂ ನೆನಪಿದೆ. ಆದರೂ ಅಪ್ಪನೆಂದರೆ ನನಗೆ ಜೀವ.

ಯಾಕೆಂದರೆ ಅಪ್ಪ ಇಪ್ಪತ್ತೆರಡು ಜನರನ್ನು ಉಳಿಸಿದವರು. ನಾನು ಹುಟ್ಟುವ ಮೊದಲಿನ ವರ್ಷ, ಆಟಿ ತಿಂಗಳ ಮಳೆಯ ನೆರೆಯಲ್ಲಿ, ಸಂತೆ ಮುಗಿಸಿ ಬರುತ್ತಿದ್ದ ದೋಣಿಗೆ ನಡುಹೊಳೆಯಲ್ಲಿ ತೇಲಿಬಂದ ಮರವೊಂದು ಬಡಿಯಿತಂತೆ. ಮೂವರು ನೀರಿಗೆ ಬಿದ್ದರು. ಇಬ್ಬರನ್ನು ಅಪ್ಪ ಎಳೆದು ಹಾಕಿದರು, ಒಬ್ಬರು ನೆರೆಯಲ್ಲಿ ಹೋದರು. ದೋಣಿ ದಡ ಸೇರಿತು. ಆ ದಿನ ಅಪ್ಪನ ಕೈಯಲ್ಲಿದ್ದ ಹುಟ್ಟು ನಮ್ಮ ಮನೆಯ ಚಾವಡಿಯಲ್ಲಿ ಯೇಸುವಿನ ಪಟದ ಕೆಳಗೆ ಎರಡು ಮೊಳೆಗಳ ಮೇಲೆ ಮಲಗಿದೆ. ಪಾದ್ರಿಗಳು ಬಂದರೆ ಅದನ್ನು ಮುಟ್ಟಿ ನೋಡುತ್ತಿದ್ದರು.

ನನಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಎಂಬ್ರಾಯ್ಡರಿ ಕಾರ್ಖಾನೆಯಲ್ಲಿ ಕೆಲಸ. ಶಾಲೆಗಳ ಬ್ಯಾಡ್ಜು, ಹೋಟೆಲಿನವರ ಕೋಟಿನ ಜೇಬು, ಕ್ಲಬ್ಬುಗಳ ಗುರಾಣಿ ಚಿಹ್ನೆ, ಇದೇ ನಮ್ಮ ಅನ್ನ. ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆಯ ದಾರಿಯಾಗಿ ಬಿಡಿಸುವುದು ನಾನು. ಯಾವ ಬಣ್ಣ ಮೊದಲು, ಯಾವುದು ಅದರ ಮೇಲೆ, ಸೂಜಿ ಎಲ್ಲಿ ಹಾರಬೇಕು ಎಂದು ನಾನು ಹೇಳಿದ ಹಾಗೆ ಮೆಷಿನ್ ಕೇಳುತ್ತದೆ. ಹನ್ನೆರಡು ತಲೆಯ ಮೆಷಿನ್ ಓಡುವಾಗ ನೆಲ ನಡುಗುತ್ತದೆ. ಬಂದ ಮೊದಲ ವರ್ಷವೇ ಒಂದು ಸೂಜಿ ನನ್ನ ತೋರುಬೆರಳಿನ ಉಗುರಿನಲ್ಲಿ ಇಳಿದು ಕೆಳಗಿನಿಂದ ಹೊರಗೆ ಬಂದಿತ್ತು. ನಾನು ಬೊಬ್ಬೆ ಹೊಡೆಯುವುದಕ್ಕೆ ಮೊದಲೇ ಅದು ಇನ್ನೊಂದು ಸಲ ಇಳಿದಿತ್ತು.

ಆ ದಿನ ಓಡಿ ಬಂದು ಮೆಷಿನ್ ನಿಲ್ಲಿಸಿದವರು ಮಾಸ್ತರರು. ಅವರು ನಮ್ಮ ಕಟಿಂಗ್ ಮಾಸ್ತರ್, ನನ್ನ ಊರಿನವರೇ, ಬ್ಯಾರಿ ಮುಸ್ಲಿಮರು. ನನಗಿಂತ ಏಳು ವರ್ಷ ದೊಡ್ಡವರು. ಇಕ್ಕಳದಿಂದ ನನ್ನ ಉಗುರಿನ ಸೂಜಿ ಎಳೆದು, ನನ್ನ ತಲೆಯ ಮೇಲೊಂದು ಕುಟ್ಟಿ, "ಎಂತ ಮಾರಾಯ, ಕಣ್ಣು ಮನೆಯಲ್ಲಿ ಇಟ್ಟು ಬಂದಿದ್ದೀಯಾ?" ಎಂದಿದ್ದರು. ಈ ಕೆಲಸಕ್ಕೆ ನನ್ನನ್ನು ಸೇರಿಸಿದವರೂ ಅವರೇ. ಎಂಟು ವರ್ಷ ಅವರ ಪಕ್ಕ ಕೂತು ಊಟ ಮಾಡಿದ್ದೇನೆ. ನಾವು ಮಾತಾಡುತ್ತಿದ್ದದ್ದು ಹೆಚ್ಚಾಗಿ ತುಳುವಿನಲ್ಲಿ. ಇಲ್ಲಿ ಅದನ್ನು ನಮ್ಮೂರ ಕನ್ನಡದಲ್ಲೇ ಬರೆದಿದ್ದೇನೆ.

ಅಂದು ನೆರೆಯಲ್ಲಿ ಹೋದವರು ಮಾಸ್ತರರ ತಂದೆ. ಆರು ವರ್ಷದ ಮಾಸ್ತರರೂ ಅವರ ಪುಟ್ಟ ತಂಗಿಯೂ ಅವರು ಉಮ್ಮ ಎನ್ನುವ ತಾಯಿಯೂ ಅದೇ ದೋಣಿಯಲ್ಲಿದ್ದರು. ಉಳಿದ ಇಪ್ಪತ್ತೆರಡರಲ್ಲಿ ಅವರೂ ಮೂವರು. ಇದು ನಮ್ಮೂರಿನಲ್ಲಿ ಎಲ್ಲರಿಗೂ ತಿಳಿದದ್ದೇ. ನಮ್ಮಿಬ್ಬರ ನಡುವೆ ಮಾತ್ರ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ನನ್ನ ಅಪ್ಪ ಅವರ ಜೀವ ಉಳಿಸಿದವರು, ಅದಕ್ಕೇ ಅವರು ನನ್ನನ್ನು ಹೀಗೆ ನೋಡಿಕೊಳ್ಳುತ್ತಾರೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಲಾಂಛನದ ಹುಚ್ಚು ನನಗೆ ಹಿಡಿದದ್ದು ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ. ಅಲ್ಲಿ ಯುರೋಪಿನ ಯಾವುದೋ ಹಳ್ಳಿಯ ಒಬ್ಬ ದೊಡ್ಡ ಮನುಷ್ಯ ಹನ್ನೆರಡು ಕೋಟಿನ ಜೇಬಿಗೆ ತನ್ನ ಊರಿನ ಲಾಂಛನ ಹೊಲಿಸಬೇಕೆಂದಿದ್ದ. ಮಾದರಿ ತೋರಿಸಲು ನಾನೇ ಹೋದೆ. ಕೆಂಪು ನೆಲದ ಗುರಾಣಿ, ನಡುವೆ ಒಂದು ಕೊಡಲಿ, ಕೊಡಲಿಯ ಕೆಳಗೆ ಮೂರು ಹನಿ. ಊರಿನಲ್ಲಿ ಮುನ್ನೂರು ಜನವಂತೆ. ನಮ್ಮೂರಲ್ಲಿ ಅದಕ್ಕಿಂತ ಹೆಚ್ಚು ನಾಯಿಗಳಿವೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಹನಿ ಯಾವುದರದ್ದು ಎಂದು ಕೇಳಿದಾಗ ಅವನು ಹೇಳಿದ ಕತೆ ಇಷ್ಟು. ಹಿಂದೆ ಕಂದಾಯ ವಸೂಲಿಗೆ ಬಂದವನ ಕೈಯನ್ನು ಊರಿನವರು ಹಿಡಿದು ಕಟ್ಟೆಯ ಮೇಲಿಟ್ಟು ಕತ್ತರಿಸಿದರು. ಅದೇ ಕೊಡಲಿ, ಅದೇ ರಕ್ತ.

"ಈಗ ಶಾಲೆಯಲ್ಲಿ ಮಕ್ಕಳಿಗೆ ಅದು ದ್ರಾಕ್ಷಿ ಅಂತ ಹೇಳಿಕೊಡುತ್ತಾರೆ" ಎಂದು ಅವನು ಹೊಟ್ಟೆ ಕುಲುಕಿಸಿ ನಕ್ಕ. ನಾನೂ ನಕ್ಕೆ. ವಾಪಸು ಬರುವಾಗ ಮೆಟ್ರೊದಲ್ಲಿ ನನಗೆ ಒಂದೇ ಯೋಚನೆ. ಮುನ್ನೂರು ಜನರ ಊರಿಗೆ ಗುರಾಣಿ ಉಂಟು, ನಮಗೆ ಯಾಕಿಲ್ಲ?

ಎಮಿರೇಟ್ಸ್‌ನಲ್ಲಿ ಆಗ ನಮ್ಮೂರಿನವರು ನಲವತ್ತು ಮಂದಿ ಇದ್ದೆವು. ವರ್ಷಕ್ಕೊಮ್ಮೆ ಚಳಿಗಾಲದ ಒಂದು ಶುಕ್ರವಾರ ಮೈದಾನದಲ್ಲಿ ಸೇರಿ ಹಗ್ಗಜಗ್ಗಾಟ, ವಾಲಿಬಾಲ್, ಊಟ. ಆ ವರ್ಷ ಎಲ್ಲರಿಗೂ ಒಂದೇ ಬಣ್ಣದ ಕಾಲರ್ ಟೀ ಶರ್ಟ್ ಮಾಡಿಸುವ, ಎದೆಯ ಮೇಲೆ ಊರಿನ ಲಾಂಛನ ಇರಲಿ ಎಂದು ನಾನು ವಾಟ್ಸಾಪಿನಲ್ಲಿ ಹಾಕಿದೆ. ಮಕ್ಕಳದ್ದೂ ಸೇರಿ ಅರವತ್ತು ಶರ್ಟು. ಚರ್ಚೆಗೆ ಕರಾಮಾದ ಒಂದು ಹೋಟೆಲಿನ ಮಹಡಿಯಲ್ಲಿ ಸಭೆ ಕರೆದರು. ಅಬುಧಾಬಿಯಿಂದ ಬಂದರು, ಮದೀನತ್ ಜಾಯೆದ್‌ನಲ್ಲಿ ಗ್ಯಾಸ್ ಕಂಪನಿಯಲ್ಲಿದ್ದ ಇಬ್ಬರು ಮುಂಜಾನೆ ಎದ್ದು ಮರಳುಗಾಡು ದಾಟಿ ಬಂದರು.

ಶಿಲುಬೆ, ಚಂದ್ರ, ದೀಪ, ಇದರ ಮೇಲೆ ತಲೆ ಒಡೆಯುತ್ತದೆ ಎಂದು ನಾನು ಹೆದರಿದ್ದೆ. ಅದು ಹತ್ತು ನಿಮಿಷದಲ್ಲಿ ಮುಗಿಯಿತು. ಮೂರೂ ಬೇಡ ಎಂದು ಮೂರೂ ಕಡೆಯ ಹಿರಿಯರು ಹೇಳಿದರು. ಜಗಳ ಆದದ್ದು ಮೀನಿಗೆ ಮತ್ತು ಹಂಚಿನ ಕಾರ್ಖಾನೆಯ ಹೊಗೆಕೊಳವೆಗೆ. ಮೀನು ಹಾಕಿದರೆ ಊರು ಮೀನಿನವರದ್ದು ಮಾತ್ರ ಆಗುತ್ತದೆ ಎಂದು ಒಬ್ಬ. ಕಾರ್ಖಾನೆ ಮುಚ್ಚಿ ಎಷ್ಟು ಕಾಲ ಆಯ್ತು, ಸತ್ತ ಕೊಳವೆಯನ್ನು ಎದೆ ಮೇಲೆ ಹಾಕಿಕೊಳ್ಳುದಾ ಎಂದು ಇನ್ನೊಬ್ಬ. "ನಿನ್ನ ಅಜ್ಜ ಅದೇ ಕೊಳವೆಯ ಬುಡದಲ್ಲಿ ಮಣ್ಣು ತುಳಿದದ್ದು, ಮರೆತೆಯಾ?" ಎಂದು ಮತ್ತೊಬ್ಬ ಎದ್ದ. ಕೂಡಲೇ ಕಾಲರ್ ಹಿಡಿದುಕೊಂಡರು. ಒಂದು ಕುರ್ಚಿ ಹಾರಿತು, ಒಂದು ಗ್ಲಾಸು ಗೋಡೆಗೆ ಬಡಿದು ಪುಡಿಯಾಯಿತು, ಒಬ್ಬನ ಹುಬ್ಬಿನಿಂದ ರಕ್ತ ಮೂಗಿನವರೆಗೆ ಇಳಿಯಿತು. ಹೋಟೆಲಿನವನು ಓಡಿ ಬಂದು ಕೈಮುಗಿದ, "ಅಣ್ಣ, ಪೊಲೀಸ್ ಬಂದರೆ ನನ್ನ ಲೈಸೆನ್ಸ್ ಖಲಾಸ್!"

ಆ ಗದ್ದಲದಲ್ಲಿ ನಾನು ಮೇಜಿನ ಮೇಲೆ ಹತ್ತಿ ಕೂಗಿದೆ, "ಎಲ್ಲರೂ ಒಂದಲ್ಲ ಒಂದು ದಿನ ಕೂತದ್ದು ಯಾವುದರಲ್ಲಿ? ದೋಣಿಯಲ್ಲಿ! ಮೀನಿನವನೂ ಕೂತ, ಹಂಚಿನವನೂ ಕೂತ. ದೋಣಿ ಹಾಕುವ, ಅದರ ಮೇಲೆ ಅಡ್ಡಡ್ಡ ಎರಡು ಹುಟ್ಟು, ಕೆಳಗೆ ಮೂರು ಅಲೆ." ರಕ್ತ ಒರೆಸಿಕೊಳ್ಳುತ್ತಿದ್ದವನೇ ಮೊದಲು ಚಪ್ಪಾಳೆ ತಟ್ಟಿದ. "ಇಪ್ಪತ್ತೆರಡು ಜೀವ ಉಳಿಸಿದ ಹುಟ್ಟು ಮಾರಾಯ್ರೇ, ಅದಕ್ಕಿಂತ ಬೇರೆ ಎಂತ ಬೇಕು!" ಎಂದ. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದೇ ಬಾಕಿ.

ಬಿರಿಯಾನಿ ಬಂದಾಗ ಮಾಸ್ತರರು ಇರಲಿಲ್ಲ. ಊಟ ಮಾಡದೆ ಹೋದರೆಂದು ಯಾರೋ ಹೇಳಿದರು. ಚಂದ್ರ ಹಾಕಲಿಲ್ಲವೆಂದು ಬೇಜಾರಾಗಿರಬೇಕು ಎಂದುಕೊಂಡೆ. ಎಂಟು ವರ್ಷ ಜೊತೆಗೆ ಉಂಡವನು ಹಾಗೆ ಅಂದುಕೊಂಡೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುವಾರ ಮುದೀರನ, ಅಂದರೆ ನಮ್ಮ ಮ್ಯಾನೇಜರನ, ಕೈಕಾಲು ಹಿಡಿದು ಗುರುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತಿಗೆಂದು ಮೆಷಿನ್ ಬಿಡಿಸಿಕೊಂಡೆ. ಹುಟ್ಟಿನ ಹೊಲಿಗೆಗೆ ನಾನು ಪಟ್ಟ ಪಾಡು ಯಾವ ಸಾಹೇಬನ ಕೊಡಲಿಗೂ ಪಟ್ಟಿರಲಿಲ್ಲ. ಅಡಿಯಲ್ಲಿ ಒಂದು ಪದರ, ಮೇಲೆ ಇನ್ನೊಂದು, ಮರದ ಗೆರೆ ಕಾಣುವ ಹಾಗೆ ಮೂರು ಕಂದು ಬಣ್ಣ. ಬೆರಳಿಟ್ಟರೆ ಉಬ್ಬು ಸಿಗಬೇಕು. ಅರವತ್ತು ಶರ್ಟು ಹೊರಬಂದವು. ನೂಲಿನ ತುದಿ ಕತ್ತರಿಸಲು ಅವನ್ನು ಮಾಸ್ತರರ ಮೇಜಿನ ಮೇಲಿಟ್ಟು ನಾನು ಊಟಕ್ಕೆ ಹೋದೆ.

ಬಂದು ನೋಡಿದರೆ ಮಾಸ್ತರರು ಒಂದು ಶರ್ಟನ್ನು ಒಳಮೈ ಹೊರಗೆ ಮಾಡಿಕೊಂಡು, ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ನನ್ನ ಹುಟ್ಟನ್ನು ಕೀಳುತ್ತಿದ್ದರು. ಪಕ್ಕದಲ್ಲಿ ಏಳು ಶರ್ಟುಗಳು ಆಗಲೇ ಮುಗಿದಿದ್ದವು. ಏಳರಲ್ಲೂ ದೋಣಿ ಇದೆ, ಅಲೆ ಇದೆ, ಹುಟ್ಟಿನ ಜಾಗದಲ್ಲಿ ತೂತುಗಳ ಸಾಲು. ಕಂದು ನೂಲು ನೆಲದ ಮೇಲೆ ಕತ್ತರಿಸಿದ ಕೂದಲಿನ ಹಾಗೆ ಬಿದ್ದಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಮಾಸ್ತ್ರೇ! ಎಂತ ಮಾಡುದು ನೀವು?"

ಅವರು ತಲೆ ಎತ್ತಲಿಲ್ಲ. "ದೋಣಿ ಇರಲಿ. ಹುಟ್ಟು ಬೇಡ. ನೂಲು ಕಡಿದುಹೋಯ್ತು, ಮೆಷಿನ್ ಕೆಟ್ಟಿತು ಅಂತ ಹೇಳುವ. ಯಾರು ಕೇಳ್ತಾರೆ?"

"ಎಂತಕ್ಕೆ ಬೇಡ? ಅದು ನನ್ನ ಅಪ್ಪನ ಹುಟ್ಟು. ನಿಮ್ಮ ಜೀವ ಉಳಿದದ್ದು ಅದರಿಂದ!"

"ಗೊತ್ತುಂಟು" ಎಂದು ಅವರು ಕೊಕ್ಕೆ ಕೆಳಗಿಟ್ಟರು. "ನನ್ನ ಅಪ್ಪನ ಜೀವ ಹೋದದ್ದೂ ಅದರಿಂದ. ಅವರು ದೋಣಿಯ ಅಂಚು ಹಿಡಿದುಕೊಂಡಿದ್ದರು. ನಿನ್ನ ಅಪ್ಪ ಅವರ ಕೈಗೆ ಹೊಡೆದು ಬಿಡಿಸಿದ್ದು ಇದರಲ್ಲೇ."

ಸುಳ್ಳು ಎಂದು ಕೂಗಿದ್ದು ನೆನಪಿದೆ. ಆಮೇಲೆ ಬಾಯಿಗೆ ಬಂದದ್ದೆಲ್ಲ ಬೈದೆ. ಎಂಟು ವರ್ಷ "ನೀವು" ಎಂದ ಬಾಯಿಯಲ್ಲಿ "ನೀನು" ಬಂತು, ಅದಕ್ಕಿಂತ ಕೆಟ್ಟದ್ದೂ ಬಂತು. ಅವರ ತಾಯಿಯನ್ನೂ ಬಿಡಲಿಲ್ಲ. ಅವರ ಎದೆಗೆ ಕೈಯಿಟ್ಟು ನೂಕಿದೆ. ಬೆನ್ನು ಕಟಿಂಗ್ ಮೇಜಿಗೆ ಬಡಿಯಿತು, ದೊಡ್ಡ ಕತ್ತರಿ ಠಣ್ಣೆಂದು ಕೆಳಗೆ ಬಿತ್ತು. ಅವರು ಎದ್ದು ನನ್ನ ಕೆನ್ನೆಗೊಂದು ಬಾರಿಸಿದರು. ಬಾಯಿಯಲ್ಲಿ ರಕ್ತದ ರುಚಿ ಬಂತು. ಆಮೇಲೆ ಅವರು ಶರ್ಟುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದರು. ಅಲ್ಲಿ ಡೆಲಿವರಿ ವ್ಯಾನ್ ನಿಂತಿತ್ತು.

ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಪೆಟ್ಟಿಗೆಯನ್ನು ವ್ಯಾನಿನೊಳಗೆ ದೂಡಿ, ಎಡಗೈಯಲ್ಲಿ ವ್ಯಾನಿನ ಹಿಂದಿನ ಅಂಚು ಹಿಡಿದು ಹತ್ತಲು ನೋಡುತ್ತಿದ್ದರು. ನಾನು ಅವರ ಅಂಗಿ ಹಿಡಿದು ಎಳೆದೆ.

"ಬಿಡು!" ಎಂದೆ.

"ಬಿಡುದಿಲ್ಲ. ಇದನ್ನು ನನ್ನ ಮಕ್ಕಳ ಎದೆ ಮೇಲೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ."

ವ್ಯಾನಿನ ಬಾಗಿಲು ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವರ ನಾಲ್ಕು ಬೆರಳು ಅಂಚಿನ ಮೇಲಿದ್ದವು. ಆಗ ಸಿಟ್ಟಿನಲ್ಲಿ ನನಗೇನೂ ಕಾಣಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಂಡಿತ್ತು. ಬೆರಳುಗಳು ಕಂಡವು, ನಡುಬೆರಳಿನಲ್ಲಿ ಬಟ್ಟೆಗೆ ಗೆರೆ ಹಾಕುವ ಸುಣ್ಣದಕಡ್ಡಿಯ ಬಿಳಿ ಕೂಡ ಕಂಡಿತು. ಎರಡೂ ಕೈಯಿಂದ ಬಾಗಿಲನ್ನು ಹೊಡೆದು ಮುಚ್ಚಿದೆ.

ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವರು ಕಿರುಚಲಿಲ್ಲ. "ಯಾ ಅಲ್ಲಾ" ಎಂದು ಉಸಿರು ಬಿಟ್ಟು ಹಾಗೇ ಮೊಣಕಾಲಿಗೆ ಕುಸಿದರು. ಕೈ ಮೇಲೆ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು. ನಾನು ಬಾಗಿಲು ತೆಗೆದೆ. ಬೆರಳುಗಳು ಬೆರಳಿನ ಹಾಗೆ ಇರಲಿಲ್ಲ. ರಕ್ತ ಮೊಣಕೈವರೆಗೆ ಹರಿದು ಬಿಸಿ ನೆಲದ ಮೇಲೆ ತಟತಟ ಬಿತ್ತು. ಪೆಟ್ಟಿಗೆಯಿಂದ ಒಂದು ಶರ್ಟು ಎಳೆದು ಆ ಕೈಗೆ ಸುತ್ತಿದೆ. ಅದರ ಮೇಲೆ ಹುಟ್ಟು ಇತ್ತೋ ಇಲ್ಲವೋ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಇಂಥ ಗಾಯ ಬಂದರೆ ಪೊಲೀಸರಿಗೆ ತಿಳಿಸುತ್ತಾರೆ. ಹೊಡೆದಾಟ ಎಂದು ಬರೆದರೆ ಕೇಸು, ಜೈಲು, ಆಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ವಿಮಾನ ಹತ್ತಿಸುತ್ತಾರೆ. ಅಂಥವನು ಮತ್ತೆ ಈ ನೆಲಕ್ಕೆ ಕಾಲಿಡುವ ಹಾಗಿಲ್ಲ. ನನ್ನ ಹೆಂಡತಿ, ಮಗಳು ಬಂದು ಮೂರು ತಿಂಗಳಾಗಿತ್ತಷ್ಟೆ. ಮಗಳಿಗೆ ಕೆಜಿಯಲ್ಲಿ ಸೀಟು ಸಿಕ್ಕಿತ್ತು, ಹೊಸ ಬ್ಯಾಗು ಹಾಕಿಕೊಂಡೇ ಮನೆಯಲ್ಲಿ ಓಡಾಡುತ್ತಿದ್ದಳು. ಕಾರಿಡಾರಿನ ಕುರ್ಚಿಯಲ್ಲಿ ಕೂತು ನಾನು ಅವಳ ಬ್ಯಾಗನ್ನೇ ನೆನೆಯುತ್ತಿದ್ದೆ. ನನ್ನ ಗತಿ ಈಗ ನಾನೇ ಮುರಿದ ಕೈಯಲ್ಲಿತ್ತು.

ಪೊಲೀಸಿನವನು ಬಂದ. ವಯಸ್ಸಾದವನು, ಶಾಂತ ಮುಖ, ನಮ್ಮಂಥವರ ಜೊತೆ ಹಿಂದಿ ಮಾತಾಡುವವನು. ನನ್ನನ್ನೂ ಒಳಗೆ ಕರೆದ. ಮಾಸ್ತರರ ಕೈಗೆ ಬಿಳಿ ಬ್ಯಾಂಡೇಜು, ಮುಖದಲ್ಲಿ ರಕ್ತವೇ ಇಲ್ಲ. ಪೊಲೀಸಿನವನು ನನ್ನ ಬಾತ ಕೆನ್ನೆಯನ್ನು ನೋಡಿ, ಅವರ ಕೈಯನ್ನು ನೋಡಿ, ಪೆನ್ನು ತೆಗೆದ.

"ಬಾಗಿಲು ಹಾಕಿದ್ದು ಯಾರು?"

ಮಾಸ್ತರರು ನನ್ನ ಕಡೆ ತಿರುಗಲಿಲ್ಲ. "ಗಾಳಿ, ಸಾಹೇಬ್" ಎಂದರು. "ಗಾಳಿಗೆ ಬಾಗಿಲು ಬಿತ್ತು."

"ಇವನ ಕೆನ್ನೆ?"

"ನನ್ನ ಕೈ ಬಿಡಿಸ್ಲಿಕ್ಕೆ ಓಡಿ ಬಂದ. ಅದೇ ಬಾಗಿಲು ತಾಗಿತು."

ಪೊಲೀಸಿನವನು ಕಿಟಕಿಯ ಕಡೆ ನೋಡಿದ. ಡಿಸೆಂಬರಿನ ರಾಷ್ಟ್ರೀಯ ದಿನಕ್ಕೆಂದು ರಸ್ತೆಯುದ್ದಕ್ಕೂ ಕಟ್ಟಿದ ಬಾವುಟಗಳು ನೇತಾಡುತ್ತಿದ್ದವು. ಒಂದೂ ಅಲುಗುತ್ತಿರಲಿಲ್ಲ. "ಗಾಳಿ?" ಎಂದು ಇನ್ನೊಮ್ಮೆ ಕೇಳಿದ. "ಗಾಳಿ" ಎಂದರು ಮಾಸ್ತರರು. ಅವನು ಬರೆದುಕೊಂಡ, ಮಾಸ್ತರರಿಂದ ಸಹಿ ಮಾಡಿಸಿಕೊಂಡ, ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದ.

ಅವನು ಹೋದ ಮೇಲೆ ನಾನು ಮಂಚದ ಕಾಲು ಹಿಡಿದುಕೊಂಡು ಅತ್ತೆ. ಹೌದು, ಅತ್ತೆ, ಅದರಲ್ಲಿ ಮುಚ್ಚಿಡುವುದೇನಿಲ್ಲ.

"ನಿನ್ನ ಮುಖ ನೋಡಿ ಬಿಟ್ಟದ್ದಲ್ಲ, ಗೊತ್ತಾಯ್ತಾ?" ಎಂದರು ಮಾಸ್ತರರು. "ನಿನ್ನ ಮಗು ಉಂಟಲ್ಲ, ಅದಕ್ಕೆ. ನಮ್ಮ ಉಮ್ಮ ಕೂಡ ಹೀಗೇ ಹೇಳಿದ್ದು ಅಂದು. ನೆರೆ ಕೊಂಡುಹೋಯ್ತು ಅಂತ. ಪೊಲೀಸರು ಮನೆಗೆ ಬಂದು ಮೂರು ಸಲ ಕೇಳಿದ್ರು. ಮೂರು ಸಲವೂ ನೆರೆ ಅಂದ್ರು. ದೋಣಿಯಲ್ಲಿದ್ದ ಉಳಿದವರೂ ಹಾಗೇ ಅಂದ್ರು."

"ಯಾಕೆ ಮಾಸ್ತ್ರೇ?"

"ಅಪ್ಪ ಅಂಚು ಹಿಡಿದು ಮೇಲೆ ಬರ್ಲಿಕ್ಕೆ ನೋಡಿದಾಗಲೆಲ್ಲ ದೋಣಿ ಅಡ್ಡ ಆಗ್ತಿತ್ತು. ನೀರು ನಮ್ಮ ಸೊಂಟಕ್ಕೆ ಬಂದಿತ್ತು ಮಾರಾಯ. ಇನ್ನೊಂದು ಸಲ ಎಳೆದಿದ್ರೆ ಎಲ್ಲರೂ ಖಲಾಸ್. ಉಮ್ಮ ನನ್ನ ಕಣ್ಣು ಮುಚ್ಚಿದ್ರು. ಕಿವಿ ಮುಚ್ಚಲಿಲ್ಲ, ಇನ್ನೊಂದು ಕೈಯಲ್ಲಿ ತಂಗಿ ಇದ್ಳು. ಎರಡು ಸಲ ಕೇಳಿಸಿತು." ಅವರು ಒಳ್ಳೆಯ ಕೈಯಿಂದ ಮಂಚದ ಕಬ್ಬಿಣದ ಅಂಚನ್ನು ಎರಡು ಸಲ ತಟ್ಟಿದರು. "ನಿನ್ನ ಅಪ್ಪನ ಮೇಲೆ ನನಗೆ ಕೋಪ ಇಲ್ಲ ಅಂತ ಹೇಳುದಿಲ್ಲ. ಉಂಟು. ಆದ್ರೆ ನಾನು ಅನ್ನ ತಿನ್ನುದು ಅವರು ಹೊಡೆದದ್ದಕ್ಕೆ. ಇದನ್ನು ಯಾರ ಹತ್ರ ಹೇಳುದು? ಸಭೆಯಲ್ಲಿ ಹೇಳಿದ್ರೆ ನಿನ್ನ ಅಪ್ಪನ ಮರ್ಯಾದೆ ಎಂತ ಆಗ್ತದೆ? ಅದಕ್ಕೇ ಯಾರಿಗೂ ಗೊತ್ತಾಗದ ಹಾಗೆ ಬಿಚ್ಚುವ ಅಂತ ಕೂತದ್ದು."

ಸಂಜೆ ಆಸ್ಪತ್ರೆಯ ಪಾರ್ಕಿಂಗಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಹೇಗಿದ್ದೀರಿ, ಊಟ ಆಯ್ತಾ ಎಂದೇನೂ ಕೇಳಲಿಲ್ಲ. "ಪಪ್ಪಾ, ಆ ನೆರೆಯ ದಿನ ದೋಣಿಯ ಅಂಚು ಹಿಡಿದವನ ಕೈಗೆ ಹೊಡೆದದ್ದು ಹೌದಾ?" ಎಂದೆ.

ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು. ಅಪ್ಪ ಎದ್ದು ಹೊರಗೆ ಬಂದರೆಂದು ಕಾಣುತ್ತದೆ, ಸದ್ದು ಸಣ್ಣದಾಯಿತು.

"ಎರಡು ಸಲ" ಎಂದರು. "ಮೊದಲನೇ ಸಲ ಬಿಡಲಿಲ್ಲ ಅವನು. ನನ್ನ ಹೆಸರು ಹಿಡಿದು ಕರೆದ."

ಅಷ್ಟೇ. ನನ್ನ ಬೆನ್ನಿಗೆ ಅಷ್ಟು ಹೊಡೆದ ಮನುಷ್ಯ ಆ ಕಡೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಫೋನ್ ಇಟ್ಟ ಮೇಲೆ ತುಂಬ ಹೊತ್ತು ಕಾರುಗಳ ನಡುವೆ ನಿಂತಿದ್ದೆ. ಅಪ್ಪ ಹುಟ್ಟು ಎತ್ತಿದಾಗ ಅವರ ಬೆನ್ನ ಹಿಂದೆ ಇಪ್ಪತ್ತೆರಡು ಜನ ಇದ್ದರು. ನನ್ನ ಹಿಂದೆ ಇದ್ದದ್ದು ಒಂದು ಪೆಟ್ಟಿಗೆ ಟೀ ಶರ್ಟು.

ಮರುದಿನ ಶುಕ್ರವಾರ. ರಜೆಯ ದಿನ ಕಾರ್ಖಾನೆಗೆ ಹೋಗಿ ಮಾಸ್ತರರ ಮೇಜಿನ ಮುಂದೆ ಕೂತೆ. ಅಂಗಳದ ರಕ್ತವನ್ನು ಯಾರೋ ತೊಳೆದಿದ್ದರು. ವ್ಯಾನಿನಲ್ಲಿದ್ದ ಪೆಟ್ಟಿಗೆ ತಂದು, ಅವರದೇ ಕೊಕ್ಕೆ ತೆಗೆದುಕೊಂಡು ಉಳಿದ ಶರ್ಟುಗಳ ಹುಟ್ಟನ್ನು ನಾನೇ ಬಿಚ್ಚಿದೆ. ನಾನೇ ಎರಡು ಪದರ ಹಾಕಿ ಬಿಗಿ ಮಾಡಿದ ಹೊಲಿಗೆ, ಅಷ್ಟು ಸುಲಭಕ್ಕೆ ಬರುತ್ತದೆಯೇ? ಹಿಂದಿನಿಂದ ಕೊಯ್ದು, ಮುಂದಿನಿಂದ ಎಳೆದು, ಉಗುರಿನಲ್ಲಿ ಕೆರೆದು ತೆಗೆದೆ. ಮೂರು ಸಲ ಕೊಕ್ಕೆ ಜಾರಿ ಅಂಗೈಗೆ ನಾಟಿತು. ನಾಟಲಿ ಎಂದುಕೊಂಡೆ. ನೂಲು ಎಲ್ಲ ಬಂತು, ತೂತು ಮಾತ್ರ ಹೋಗಲಿಲ್ಲ. ಇಸ್ತ್ರಿ ಹಾಕಿದೆ, ನೀರು ಚಿಮುಕಿಸಿದೆ, ಚಮಚದ ಬೆನ್ನಿನಿಂದ ತಿಕ್ಕಿದೆ. ಬೆಳಕಿಗೆ ಹಿಡಿದರೆ ಅಡ್ಡಡ್ಡ ಎರಡು ಹುಟ್ಟು ಹಾಗೇ ಕಾಣುತ್ತಿದ್ದವು. ರಕ್ತ ಹತ್ತಿದ ಒಂದನ್ನು ಮಾತ್ರ ತೊಳೆಯದೆ ಮನೆಗೆ ಕೊಂಡುಹೋದೆ. ಈಗಲೂ ಅಟ್ಟದ ಸೂಟ್‌ಕೇಸಿನಲ್ಲಿದೆ.

ಎರಡು ವಾರದ ನಂತರ ಕೂಟ. ಮೈದಾನದಲ್ಲಿ ಎಲ್ಲರೂ ನೀಲಿ ಶರ್ಟು ಹಾಕಿಕೊಂಡು ಹಗ್ಗ ಹಿಡಿದು ಎಳೆದು, ಬಿದ್ದು, ಬೈದುಕೊಂಡು, ಅಂಗೈ ಸುಲಿಸಿಕೊಂಡು ಸಂತೋಷವಾಗಿದ್ದರು. ನನಗೆ ಶಾಲು ಹೊದಿಸಿದ್ದು ಅಂದೇ. ಮಾಸ್ತರರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಎಡಗೈ ಪ್ಲಾಸ್ಟರಿನಲ್ಲಿ, ಕೊರಳಿಗೆ ಪಟ್ಟಿ. ಹೆಂಡತಿ, ಇಬ್ಬರು ಮಕ್ಕಳು ಜೊತೆಗೆ. ನಾಲ್ವರೂ ಆ ಶರ್ಟನ್ನೇ ಹಾಕಿದ್ದರು. ಕೈಗೆ ಎಂತ ಆಯ್ತು ಎಂದು ಕೇಳಿದವರಿಗೆಲ್ಲ ಅವರು ಅದೇ ಉತ್ತರ ಕೊಟ್ಟರು, ವ್ಯಾನಿನ ಬಾಗಿಲು, ಗಾಳಿ. ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರಂತೆ. ಅದನ್ನು ನನಗೆ ಅವರ ಹೆಂಡತಿ ಹೇಳಿದರು. "ದೇವರು ದೊಡ್ಡವನು, ನೀವಿದ್ದ ಕಾರಣ ಬೇಗ ಆಸ್ಪತ್ರೆಗೆ ಮುಟ್ಟಿದ್ರು" ಎಂದು ನನಗೆ ಉಪಕಾರ ಬೇರೆ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಊಟಕ್ಕೆ ಸಾಲಾಗಿ ಚಾಪೆಯ ಮೇಲೆ ಕೂತಿದ್ದೆವು. ಸಭೆಯಲ್ಲಿ ಹುಬ್ಬು ಒಡೆಸಿಕೊಂಡವನು ತನ್ನ ಎದೆಯ ಲಾಂಛನವನ್ನು ಎಳೆದು ಹಿಡಿದು ಜೋರಾಗಿ ಕೇಳಿದ, "ಅಲ್ಲ ಮಾರಾಯ, ದೋಣಿ ಉಂಟು, ಅಲೆ ಉಂಟು, ಹುಟ್ಟು ಎಲ್ಲಿ? ಹುಟ್ಟು ಇಲ್ಲದೆ ಈ ದೋಣಿ ಹೋಗುದು ಹೇಗೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಮೆಷಿನ್ ಕೆಟ್ಟಿತು ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬರಲಿಲ್ಲ.

ನನ್ನ ಎದುರು ಕೂತಿದ್ದ ಮಾಸ್ತರರು ಬಲಗೈಯಿಂದ ಮಗನ ತಟ್ಟೆಗೆ ಅನ್ನ ಕಲಸಿ ಕೊಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಗಾಳಿಗೆ ಹೋಗ್ತದೆ."

ಎಲ್ಲರೂ ನಕ್ಕರು. ನೀರು ತರುತ್ತೇನೆಂದು ಹೇಳಿ ನಾನು ಎದ್ದು ಹೋದೆ.